ಆಟದ ಪೆಟ್ಟು

ಮಗಾ,

ನಿನ್ನಮ್ಮ ಮೊನ್ನೆ ಫೋನಿನಲ್ಲಿ ಅತ್ತದ್ದು ನೀನು ಕಾಲೇಜು ಬಿಟ್ಟು ಕುಸ್ತಿ ಕಲಿಯಲು ಜಲಂಧರಕ್ಕೆ ಹೋಗುತ್ತೇನೆ ಅಂದದ್ದಕ್ಕಲ್ಲ. ಆ ಹುಡುಗನ ಕಾಲರ್ ಬೋನ್ ಮುರಿದದ್ದಕ್ಕೆ. ತಾರಸಿಯ ಸಿಮೆಂಟಿನ ಮೇಲೆ, ಮೊಬೈಲಿನಲ್ಲಿ ನೋಡಿದ ಪಟ್ಟನ್ನು ಗೆಳೆಯನ ಮೇಲೆ ಹಾಕಿದ್ದಲ್ಲದೆ ಮೂರನೆಯವನ ಕೈಯಲ್ಲಿ ವಿಡಿಯೊ ಬೇರೆ ಮಾಡಿಸಿದಿರಂತೆ. ಬೈಯಲು ನಿನಗೆ ಬೇಕಾದಷ್ಟು ಜನ ಉಂಟು, ನಾನು ಆ ಸಾಲಿಗೆ ಸೇರುವುದಿಲ್ಲ. ಪರ್ಕಳದ ರಸ್ತೆಯ ಧೂಳು ಜಗಲಿಯವರೆಗೂ ಬರುತ್ತದೆ, ಕಿಟಕಿ ಮುಚ್ಚಿಕೊಂಡು ಕೂತು ಬರೆಯುತ್ತಿದ್ದೇನೆ. ಒಂದೇ ಗುಕ್ಕಿಗೆ ಓದಬೇಡ.

ನೀನು ಮೊಬೈಲಿನಲ್ಲಿ ನೋಡುವ ಆ ಕುಸ್ತಿ ಸುಳ್ಳು ಎಂದು ನಿನ್ನಪ್ಪ, ನಿಜ ಎಂದು ನೀನು. ಬೊಂಬಾಯಿಯಲ್ಲಿ ನಾವು ಕೇಳುತ್ತಿದ್ದ ಶಬ್ದ ನೂರಾ ಕುಸ್ತಿ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ. ಆದರೆ ಸುಳ್ಳು ಅನ್ನುವ ಮಾತು ಯಕ್ಷಗಾನವನ್ನೇ ಆಟ ಎಂದು ಕರೆಯುವ ಊರಿನವನ ಬಾಯಲ್ಲಿ ಬರಬಾರದು. ದೇವಿಮಹಾತ್ಮೆಯ ರಾತ್ರಿ ದೊಂದಿ ಹಿಡಿದವರ ನಡುವೆ, ಜನರ ಮಧ್ಯದಿಂದ ಮಹಿಷಾಸುರ ಆರ್ಭಟಿಸಿ ಬರುವಾಗ ನೀನು ನನ್ನ ಮುಂಡಿನೊಳಗೆ ಮುಖ ಹುಗಿಸಿದ್ದು ಮರೆತೆಯಾ? ಬೆಳಗ್ಗೆ ವೇಷ ಕಟ್ಟುವ ಚೌಕಿಗೆ ಕರಕೊಂಡು ಹೋಗಿದ್ದೆ. ಕೊಂದ ದೇವಿಯೂ ಸತ್ತ ಮಹಿಷನೂ ಒಂದೇ ಕುಪ್ಪಿಯ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಆ ಆರ್ಭಟ ಸುಳ್ಳೂ ಅಲ್ಲ, ದ್ವೇಷವೂ ಅಲ್ಲ.

ನಾನು ಬೊಂಬಾಯಿಗೆ ಹೋದದ್ದು 1962ರಲ್ಲಿ, ಹದಿನೈದು ವರ್ಷಕ್ಕೆ, ಮಿಲ್ಲಿನ ಕ್ಯಾಂಟೀನಿಗೆ. ಆಗ ಗೋಡೆ ಗೋಡೆಯ ಮೇಲೂ ಪೈಲ್ವಾನರಾದ ದಾರಾಸಿಂಗ್ ಮತ್ತು ಕಿಂಗ್ ಕಾಂಗ್. ಕಿಂಗ್ ಕಾಂಗ್ ಅಂದರೆ ಎಮಿಲ್ ಝಾಯಾ, ಹಂಗೇರಿ ಮೂಲದ ಬೆಟ್ಟದಂಥ ಮನುಷ್ಯ. ಜನ ತನ್ನನ್ನು ದ್ವೇಷಿಸುವ ಹಾಗೆ ನಡೆದುಕೊಳ್ಳುವುದೇ ಅವನ ಕಸುಬು, ನಮ್ಮ ಬಣ್ಣದ ವೇಷದ ಹಾಗೆ. 1968ರ ಮೇ 29ರಂದು ದಾರಾಸಿಂಗ್ ಬೊಂಬಾಯಿಯಲ್ಲೇ ಅಮೆರಿಕದ ಲೂ ಥೆಸ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಟಿಕೆಟಿಗೆ ನನ್ನಲ್ಲಿ ದುಡ್ಡಿರಲಿಲ್ಲ. ಮರುದಿನ ಗಿರಾಕಿಗಳಿಗೆ ಚಹಾ ಕೊಡುತ್ತಾ, ಕಣ್ಣಾರೆ ಕಂಡವನ ಹಾಗೆ ಕತೆ ಹೇಳಿದೆ.

ನಮ್ಮ ತುಳುವ ಹುಡುಗರ ಹೆಮ್ಮೆ ಮಾತ್ರ ಬೇರೆಯವರು: ಎಂ. ಬಿ. ಶೆಟ್ಟರು, ಮುದ್ದು ಬಾಬು ಶೆಟ್ಟಿ. ನಮ್ಮ ಹಾಗೆಯೇ ಕರಾವಳಿಯಿಂದ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಮಾಣಿಯಾಗಿ, ಬಾಕ್ಸಿಂಗ್ ಕಲಿತು, ಸಿನಿಮಾದ ಫೈಟ್ ಮಾಸ್ಟರ್ ಆದವರು. 1967ರ ‘ಆ್ಯನ್ ಈವ್ನಿಂಗ್ ಇನ್ ಪ್ಯಾರಿಸ್’ ಚಿತ್ರದಲ್ಲಿ ಆ ಬೋಳುತಲೆ ಕಂಡಾಗ ನಾವು ಸೀಟಿ ಹೊಡೆದದ್ದಕ್ಕೆ ಹಿಂದಿನ ಸಾಲಿನವರು ಎದ್ದು ಬಂದಿದ್ದರು. 1978ರ ‘ತ್ರಿಶೂಲ್’ನಲ್ಲಿ ಅಮಿತಾಭ್ ಬಚ್ಚನ್ ಆಂಬುಲೆನ್ಸನ್ನೂ ಜೊತೆಗೇ ತಂದು ಹೊಡೆದಾಟಕ್ಕೆ ಇಳಿಯುತ್ತಾರಲ್ಲ, ಆ ಪೆಟ್ಟು ತಿನ್ನುವವರು ನಮ್ಮ ಶೆಟ್ಟರು. ಸಿನಿಮಾದ ಪೆಟ್ಟಿನಲ್ಲಿ ಮುಷ್ಟಿ ಗದ್ದದಿಂದ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ. ಆ ಸಂದು ಕಾಣದ ಮೂಲೆಯಲ್ಲಿ ಕ್ಯಾಮೆರಾ ಇಡುತ್ತಾರೆ, ಸದ್ದು ಆಮೇಲೆ ಸೇರಿಸುತ್ತಾರೆ. ತಲೆಯನ್ನು ಸರಿಯಾದ ಗಳಿಗೆಗೆ ಎಸೆದು, ಮೇಜು ಮುರಿದುಕೊಂಡು ಬೀಳಬೇಕಾದವನು ಪೆಟ್ಟು ತಿನ್ನುವವನು. ಎದುರಿನವನು ಬೀಳಲು ಒಪ್ಪಿದ್ದರಿಂದ ಹೀರೋ ಹೀರೋ ಆಗುತ್ತಾನೆ. ಪರದೆಯ ಮೇಲೆ ಇಷ್ಟು ಜನರಿಂದ ಪೆಟ್ಟು ತಿಂದ ಆ ಮನುಷ್ಯ 1982ರ ಜನವರಿಯಲ್ಲಿ ತೀರಿಕೊಂಡರು. ನಂತರ ಆ ಮನೆಗೆ ಬಂದ ಕಷ್ಟವನ್ನು ಆಗ ಸಣ್ಣವರಾಗಿದ್ದ ಮಗ ರೋಹಿತ್ ಶೆಟ್ಟಿ ತಾವೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ನೀನು ಮೊದಲ ದಿನವೇ ಓಡುವ, ಕಾರುಗಳನ್ನು ಗಾಳಿಗೆ ಎಸೆಯುವ ಸಿನಿಮಾಗಳ ರೋಹಿತ್ ಶೆಟ್ಟಿಯೇ. ಹೊಡೆದಾಟದ ಕಸುಬಿನ ಮನೆಯಲ್ಲಿ ಉಳಿತಾಯದ ಪುಸ್ತಕ ಎಷ್ಟು ತೆಳ್ಳಗೆ ಇರುತ್ತದೆಂದು ಅವರಿಗಿಂತ ಚೆನ್ನಾಗಿ ಯಾರು ಹೇಳಬೇಕು? ನೀನು ಕನಸು ಕಾಣುವ ಅಮೆರಿಕದ ಕುಸ್ತಿ ಕಂಪನಿಯಲ್ಲೂ ಪೈಲ್ವಾನರು ನೌಕರರಲ್ಲ, ಕಾಗದದ ಮೇಲೆ ಗುತ್ತಿಗೆಯವರು. ನಿನ್ನ ಅಜ್ಜಿ ಕಟ್ಟಿದ ಬೀಡಿಗೂ ಪಿಎಫ್ ಇತ್ತು, ಮಾರಾಯ.

ಈಗ ಜಲಂಧರ. ಪೈಲ್ವಾನ ಖಲಿ, ಅಂದರೆ ದಲೀಪ್ ಸಿಂಗ್ ರಾಣಾ, 2015ರಲ್ಲಿ ಅಲ್ಲಿ ಕುಸ್ತಿ ಶಾಲೆ ತೆರೆದದ್ದು ನಿನಗೆ ಗೊತ್ತು. ಆತ ಕಲಿತದ್ದು ಕ್ಯಾಲಿಫೋರ್ನಿಯಾದ ಒಂದು ಶಾಲೆಯಲ್ಲಿ. 2001ರ ಮೇ ತಿಂಗಳಲ್ಲಿ ಅದೇ ಶಾಲೆಯ ಬ್ರಯನ್ ಓಂಗ್ ಎಂಬ ಹುಡುಗ ಖಲಿಯ ಜೊತೆ ಅಭ್ಯಾಸ ಮಾಡುವಾಗ ಎತ್ತಿ ಹಾಕುವ ಒಂದು ಪಟ್ಟಿನಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಅದಕ್ಕೂ ಮೊದಲೇ ಅವನ ತಲೆಗೆ ಒಂದು ಪೆಟ್ಟು ಬಿದ್ದಿತ್ತು, ಆದರೂ ಅಭ್ಯಾಸ ಮುಂದುವರಿದಿತ್ತು. 2005ರಲ್ಲಿ ಅಲ್ಲಿನ ಕೋರ್ಟು ತಪ್ಪು ಶಾಲೆಯದ್ದೆಂದು ಹೇಳಿ, ಹತ್ತು ಲಕ್ಷ ಡಾಲರಿಗೂ ಮೇಲೆ ಪರಿಹಾರ ಕೊಡಿಸಿತು. ಅದು ಕಲಿಸುವ ಶಾಲೆಯ ರಿಂಗಿನಲ್ಲೇ ಆದದ್ದು. ಆ ರಿಂಗಿನ ನೆಲ ಗೊತ್ತುಂಟಾ? ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ಮೇಲೆ ತೆಳ್ಳಗಿನ ಫೋಮ್, ಅದಕ್ಕೆ ಬಿಗಿದ ಕ್ಯಾನ್ವಾಸು. ಹಾಸಿಗೆಯಲ್ಲ. ಅದರ ಮೇಲೆ ಬೀಳುವವನು ಗದ್ದವನ್ನು ಎದೆಗೆ ಒತ್ತಿಕೊಂಡು, ಉಸಿರು ಹೊರಗೆ ಬಿಟ್ಟು, ಬೆನ್ನಿನ ಮೇಲ್ಭಾಗವಿಡೀ ಒಟ್ಟಿಗೆ ನೆಲ ಮುಟ್ಟುವ ಹಾಗೆ, ಅಂಗೈಗಳನ್ನು ಎರಡೂ ಬದಿಗೆ ಚಪ್ಪರಿಸುತ್ತಾ ಬೀಳಬೇಕು. ಎತ್ತಿದವನು ಅಷ್ಟು ಹೊತ್ತೂ ಅವನ ಕುತ್ತಿಗೆಗೆ ಜವಾಬ್ದಾರ. ನೀನು ತಾರಸಿಯ ಮೇಲೆ ಎತ್ತಿದ ಹುಡುಗನಿಗೆ ಬೀಳಲು ಬರುತ್ತದೆಯೇ ಎಂದು ಕೇಳಿದ್ದೆಯಾ?

ಮೈಸೂರಿನ ಗರಡಿಯಲ್ಲಿ ಮಟ್ಟಿಯ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ ಮೇಲೆಯೇ ಇಳಿಯುವುದು. ದಸರಾ ಕುಸ್ತಿಗೆ ಮೊದಲು ಕೂತು ಜೋಡಿ ಕಟ್ಟುತ್ತಾರೆ, ತೂಕ ಮತ್ತು ಕಸುವು ನೋಡಿ. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇನ್ನೂ ಉಗ್ರ, ಕೈಗೆ ಮೊನೆಯುಳ್ಳ ಆಯುಧ ಕಟ್ಟಿಕೊಂಡು ಹೊಡೆಯುವುದು. ಆದರೆ ಒಬ್ಬನ ತಲೆಯಿಂದ ಒಂದು ಹನಿ ರಕ್ತ ಕಂಡಿತೋ, ಮುಗಿಯಿತು. ನೀನು ಹುಚ್ಚು ಹಿಡಿದು ನೋಡುವ, ಕುರ್ಚಿ ಸರಪಣಿಯಲ್ಲಿ ಬಡಿದಾಡುವ ಹಳೆಯ ಗೂಂಡಾಕುಸ್ತಿಯವರದ್ದು ಇದರ ತದ್ವಿರುದ್ಧ. ತಮ್ಮ ಹಣೆಯನ್ನು ತಾವೇ ಬ್ಲೇಡಿನಲ್ಲಿ ಗೀರಿಕೊಂಡು, ರಕ್ತ ಬಂದ ಮೇಲೆಯೇ ಅವರ ಆಟ ಶುರು. ನಮ್ಮ ಕಡೆಯಂತೂ ಗರಡಿ ಎಂದರೆ ಕೈ ಮುಗಿಯುವ ಜಾಗ, ಕೋಟಿ ಚೆನ್ನಯರು ನೆಲೆ ನಿಂತ ಗುಡಿ. ಸಾಮು ಮಾಡುವ ಮನೆಯ ಹೆಸರೇ ದೈವದ ಮನೆಗೆ ಹೇಗೆ ಬಂತೆಂದು ನೀನೇ ಯೋಚಿಸು.

ಆ ಗೂಂಡಾಕುಸ್ತಿಯವರಲ್ಲಿ ನಿನಗೆ ಅಚ್ಚುಮೆಚ್ಚು ಬ್ರೂಸರ್ ಬ್ರೋಡಿ ಎಂದು ಗೊತ್ತು, ನಿನ್ನ ಕೋಣೆಯ ಗೋಡೆ ನೋಡಿದ್ದೇನೆ. ಕೆದರಿದ ಕೂದಲು, ಕೈಯಲ್ಲಿ ಸರಪಣಿ. ಅಸಲು ಹೆಸರು ಫ್ರಾಂಕ್ ಗುಡಿಶ್, ಒಂದು ಕಾಲಕ್ಕೆ ಪತ್ರಿಕೆಗೆ ಕ್ರೀಡಾವರದಿ ಬರೆದವನು. ಕುರ್ಚಿ, ಸರಪಣಿ, ಪ್ರೇಕ್ಷಕರ ನಡುವಿನ ಹೊಡೆದಾಟ ಯಾವುದೂ ಅವನನ್ನು ಕೊಲ್ಲಲಿಲ್ಲ. 1988ರ ಜುಲೈಯಲ್ಲಿ ಪೋರ್ಟೊ ರಿಕೊದಲ್ಲಿ, ಆಟ ಶುರುವಾಗುವ ಮೊದಲೇ, ಬಟ್ಟೆ ಬದಲಿಸುವ ಕೋಣೆಯ ಸ್ನಾನದ ಮನೆಯಲ್ಲಿ ಜೊತೆಯ ಕುಸ್ತಿಪಟುವೊಬ್ಬ ಚೂರಿ ಹಾಕಿದ. ಸತ್ತಾಗ ಅವನಿಗೆ ನಲವತ್ತೆರಡು ವರ್ಷ. ಚೂರಿ ಹಾಕಿದವನು ಆತ್ಮರಕ್ಷಣೆ ಎಂದು ಖುಲಾಸೆಯಾದ. ಆ ದಿನ ಅಲ್ಲಿದ್ದ ಒಬ್ಬ ಪೈಲ್ವಾನನಿಗೆ ಸಮನ್ಸ್ ಕೈ ಸೇರುವಾಗ ವಿಚಾರಣೆಯೇ ಮುಗಿದಿತ್ತು. ರಂಗಸ್ಥಳದಲ್ಲಿ ಅಲ್ಲ ಮಗಾ, ಚೌಕಿಯಲ್ಲಿ.

ನನ್ನ ಎಡಗೈ ಯಾಕೆ ಭುಜಕ್ಕಿಂತ ಮೇಲೆ ಏಳುವುದಿಲ್ಲ ಎಂದು ನೀನು ಸಣ್ಣವನಿದ್ದಾಗ ಕೇಳಿದ್ದೆ. ತೆಂಗಿನಮರದಿಂದ ಬಿದ್ದೆ ಎಂದಿದ್ದೆ. ಅದು ಸುಳ್ಳು. ಬೊಂಬಾಯಿಯ ಲಾಲ್‌ಬಾಗಿನಲ್ಲಿ ಮಿಲ್ಲಿನ ಮರಾಠಿ ಕೆಲಸಗಾರರ ಒಂದು ತಾಲೀಮಿಗೆ ಎರಡು ವರ್ಷ ಹೋಗಿದ್ದೆ. ದಂಡ, ಬೈಠಕ್, ಮಣ್ಣು ಅಗೆಯುವುದು. ಮೈ ಬಂತು, ಮೈಯ ಜೊತೆಗೆ ಕೊಬ್ಬೂ ಬಂತು. ಒಂದು ರಾತ್ರಿ ಕ್ಯಾಂಟೀನಿನ ಹೊರಗೆ ಒಬ್ಬ ನನ್ನ ಕಸುಬಿನ ಬಗ್ಗೆ ಎಂತದೋ ಅಂದ. ಕಲಿತ ಪಟ್ಟು ಹಾಕಿದೆ. ಅವನಿಗೆ ಪಟ್ಟು ಗೊತ್ತಿರಲಿಲ್ಲ, ಅವನ ಜೊತೆಯವರಿಗೆ ಸೋಡಾ ಬಾಟಲಿ ಗೊತ್ತಿತ್ತು. ಫುಟ್‌ಪಾತಿನ ಅಂಚಿಗೆ ಭುಜ ಕೊಟ್ಟು ಬಿದ್ದೆ. ಪಟ್ಟಿ ಕಟ್ಟಿಸಿಕೊಂಡು ತಾಲೀಮಿಗೆ ಹೋದರೆ ಉಸ್ತಾದರು ಒಂದು ಮಾತೂ ಆಡಲಿಲ್ಲ. ಗೂಟಕ್ಕೆ ಒಣಗಲು ಹಾಕಿದ್ದ ನನ್ನ ಲಂಗೋಟಿಯನ್ನು ಮಡಚಿ ಕೈಗೆ ಕೊಟ್ಟರು. ನಿನ್ನ ಅಜ್ಜಿಗೆ ಇದು ಗೊತ್ತಿತ್ತು, ಬೇರೆ ಯಾರಿಗೂ ಇಲ್ಲ.

ಹೋಗಬೇಡ ಎಂದು ನಾನು ಹೇಳುವುದಿಲ್ಲ. ಕುಂದಾಪುರ ತಾಲೂಕು ಚಿತ್ತೂರಿನ ಗುರುರಾಜ ಪೂಜಾರಿಯನ್ನು ನೋಡು. ಅಪ್ಪ ಲಾರಿ ಚಾಲಕ. 2008ರ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರನ ಪದಕ ಕಂಡು ಕುಸ್ತಿಪಟು ಆಗಬೇಕೆಂದು ಹೊರಟ ಹುಡುಗ. ಉಜಿರೆಯಲ್ಲಿ ಕೋಚ್ ರಾಜೇಂದ್ರ ಪ್ರಸಾದ್ ಅವನ ಮೈಕಟ್ಟು ನೋಡಿ ಭಾರ ಎತ್ತಲು ಹಚ್ಚಿದರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 249 ಕಿಲೊ ಎತ್ತಿ ಬೆಳ್ಳಿ, ಆ ಕೂಟದಲ್ಲಿ ಭಾರತದ ಮೊದಲ ಪದಕ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 269 ಕಿಲೊ, ಕಂಚು. ಮೈ ಎಂತದಕ್ಕೆ ಆಗಿಬಂದದ್ದು ಎಂದು ನೋಡಿ ಹೇಳುವ ಕಣ್ಣು ಬೇಕು, ಅದು ಕನ್ನಡಿಯಲ್ಲಿ ಸಿಗುವುದಿಲ್ಲ. ಜಲಂಧರಕ್ಕೇ ಹೋಗುವುದಾದರೆ ಡಿಗ್ರಿಯ ಕೊನೆಯ ಪರೀಕ್ಷೆ ಬರೆದು ಹೋಗು. ಫೀಸು ಕಟ್ಟುವ ಮೊದಲು ರಿಂಗಿನ ಹತ್ತಿರ ಡಾಕ್ಟರು ಇರುತ್ತಾರಾ, ತಲೆಗೆ ಪೆಟ್ಟಾದರೆ ಎಷ್ಟು ದಿನ ಕೂರಿಸುತ್ತಾರೆ, ವಿಮೆ ಯಾರದ್ದು ಎಂದು ಕೇಳು. ಕೇಳಿದ್ದಕ್ಕೆ ನಕ್ಕರೆ ಅದೇ ರೈಲಿನಲ್ಲಿ ವಾಪಸು ಬಾ. ಮತ್ತೆ, ಜಿಮ್ಮಿನಲ್ಲಿ ಯಾರೋ ಕೊಡುವ ಸೂಜಿ ಮುಟ್ಟಬೇಡ. ನಿನ್ನ ಮೆಚ್ಚಿನ ಪೈಲ್ವಾನ ಎಡ್ಡಿ ಗುರೆರೊ 2005ರಲ್ಲಿ ಹೋಟೆಲ್ ಕೋಣೆಯಲ್ಲಿ ಎದೆ ನಿಂತು ಹೋದಾಗ ಅವನಿಗೆ ಮೂವತ್ತೆಂಟು ವರ್ಷ.

ಅದಕ್ಕೆ ಮೊದಲು ಈ ಭಾನುವಾರ ಶೆಟ್ಟಿಬೆಟ್ಟಿನ ಆ ಹುಡುಗನ ಮನೆಗೆ ಹೋಗು. ಅವನಮ್ಮ ಬೈದರೆ ತಲೆ ತಗ್ಗಿಸಿ ಕೇಳಿಸಿಕೋ, ಚಹಾ ಕೊಟ್ಟರೆ ಕುಡಿ. ಅವನ ಕೈ ಸರಿಯಾಗುವವರೆಗೆ ಕಾಲೇಜಿನ ನೋಟ್ಸು ಬರೆದುಕೊಡುವುದು ನಿನ್ನ ಕೆಲಸ. ಆ ವಿಡಿಯೊ ಅಳಿಸು.

ಅಲ್ಲಿಂದ ಹಾಗೆಯೇ ಇಲ್ಲಿಗೆ ಬಾ. ಹಟ್ಟಿಯಲ್ಲಿ ಬೈಹುಲ್ಲು ಉಂಟು, ಅಂಗಳದಲ್ಲಿ ಮೊಣಕಾಲುದ್ದ ಹಾಸಿಡಲು ಕೆಲಸದವನಿಗೆ ಹೇಳಿದ್ದೇನೆ. ಈ ವಯಸ್ಸಿನಲ್ಲಿ ನಾನು ಬೀಳಲಾರೆ. ನೀನು ಬೀಳು. ನಾನು ಕುರ್ಚಿ ಹಾಕಿಕೊಂಡು ನೋಡುತ್ತೇನೆ, ಗದ್ದ ಎದೆಗೆ ತಾಗುತ್ತದೋ ಇಲ್ಲವೋ ಎಂದು.

ನಿನ್ನ ಅಜ್ಜ