ಜರ್ಮನ್ ಗುಣವಾಚಕಗಳೂ ಅವುಗಳ ಜೊತೆಪದಗಳೂ

ಹೈದರಾಬಾದಿನ ಅಮೀರ್‌ಪೇಟ್ ಬಡಾವಣೆಯು ತರಬೇತಿ ಕೇಂದ್ರಗಳಿಗೆ ಹೆಸರಾದುದು. ಇಲ್ಲಿ ಕಂಪ್ಯೂಟರ್ ತರಗತಿಗಳೊಂದಿಗೆ ವಿದೇಶೀ ಭಾಷೆಗಳ ತರಗತಿಗಳೂ ನಡೆಯುತ್ತವೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಈ ನಗರವು ಬೆಂಗಳೂರಿಗಿಂತ ಸಮೀಪದ್ದು.

2022ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಜರ್ಮನಿ ದೇಶಗಳು ವಲಸೆ ಮತ್ತು ಸಂಚಾರದ ಬಗೆಗೆ ಒಪ್ಪಂದ ಮಾಡಿಕೊಂಡವು. 2024ರ ಅಕ್ಟೋಬರ್‌ನಲ್ಲಿ ಜರ್ಮನಿಯು ಭಾರತೀಯ ಕುಶಲ ಕೆಲಸಗಾರರಿಗೆ ನೀಡುವ ವಾರ್ಷಿಕ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಅಲ್ಲಿ ಶುಶ್ರೂಷಾ ವೃತ್ತಿಗೆ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಹಂತದ ಭಾಷಾಜ್ಞಾನ ಅಗತ್ಯ. ಆ ಹಂತವನ್ನು ಮುಟ್ಟಲು ಕಲಿಯಲೇಬೇಕಾದ ಒಂದು ವ್ಯಾಕರಣ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಜರ್ಮನ್ ಉಚ್ಚಾರಣೆಯು ಮೂಲಕ್ಕೆ ಸಮೀಪದ್ದು ಮಾತ್ರ.

ಮೂರು ಅಂಗಗಳ ಒಂದು ಘಟಕ

ನಾಮಪದಕ್ಕಿಂತ ಮೊದಲು ಬಂದು ಸಂಬಂಧವನ್ನು ಸೂಚಿಸುವ ಪದವು ಇಂಗ್ಲಿಷ್ ಪಾಠಗಳಲ್ಲಿ ಪ್ರಿಪೊಸಿಷನ್ ಎಂದು ಪರಿಚಿತವಾಗಿದೆ. ಅದನ್ನು ಇಲ್ಲಿ ಉಪಸರ್ಗ ಎಂದು ಕರೆಯೋಣ. ಜರ್ಮನ್ ಭಾಷೆಯಲ್ಲಿ ನಾಲ್ಕು ವಿಭಕ್ತಿಗಳಿವೆ. ಅವುಗಳಿಗೆ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಎಂಬ ನಮ್ಮ ಹೆಸರುಗಳನ್ನೇ ಬಳಸಬಹುದು. ಅನೇಕ ಗುಣವಾಚಕಗಳು ತಮಗೆ ಗೊತ್ತಾದ ಒಂದು ಉಪಸರ್ಗವನ್ನೂ ಒಂದು ವಿಭಕ್ತಿಯನ್ನೂ ಬೇಡುತ್ತವೆ.

'ಡೇರ್ ಆರ್ಟ್ಸ್ಟ್' ಎಂದರೆ ವೈದ್ಯ. ವೈದ್ಯರ ಬಗ್ಗೆ ತೃಪ್ತಿಯಿದ್ದರೆ 'ತ್ಸುಫ್ರೀಡನ್ ಮಿಟ್ ಡೇಮ್ ಆರ್ಟ್ಸ್ಟ್' ಎನ್ನಬೇಕು. ಅವರ ಮೇಲೆ ಸಿಟ್ಟಿದ್ದರೆ 'ಬ್ಯೋಜೆ ಔಫ್ ಡೇನ್ ಆರ್ಟ್ಸ್ಟ್' ಎನ್ನಬೇಕು. ಮೊದಲನೆಯದು ಚತುರ್ಥೀ, ಎರಡನೆಯದು ದ್ವಿತೀಯಾ. ನಾಮಪದವು ಬದಲಾಗಿಲ್ಲ, ಅದರ ಹಿಂದಿನ 'ಡೇರ್' ಎಂಬ ಪದವೇ 'ಡೇಮ್' ಎಂದೂ 'ಡೇನ್' ಎಂದೂ ರೂಪಾಂತರ ಹೊಂದಿದೆ.

ಕನ್ನಡಿಗರಿಗೆ ಇದು ಹೊಸತಲ್ಲ

'ಮೈಸೂರು ರೇಷ್ಮೆಗೆ ಪ್ರಸಿದ್ಧ' ಎನ್ನುತ್ತೇವೆ. 'ರೇಷ್ಮೆಯನ್ನು ಪ್ರಸಿದ್ಧ' ಎನ್ನುವುದಿಲ್ಲ. 'ಬೇಸಾಯವು ಮಳೆಯನ್ನು ಅವಲಂಬಿಸಿದೆ' ಎನ್ನುತ್ತೇವೆ. 'ಮಳೆಗೆ ಅವಲಂಬಿಸಿದೆ' ಎನ್ನುವುದಿಲ್ಲ. ಯಾವ ಪದಕ್ಕೆ ಯಾವ ವಿಭಕ್ತಿ ಎಂಬುದು ನಮಗೆ ರೂಢಿಯಿಂದ ಬಂದಿದೆ. ಜರ್ಮನ್ನಿನ ರೂಢಿ ಬೇರೆ: ಪ್ರಸಿದ್ಧ ಎಂಬರ್ಥದ 'ಬೆಕಾಂಟ್ ಫ್ಯೂರ್' ದ್ವಿತೀಯೆಯನ್ನೂ, ಅವಲಂಬಿತ ಎಂಬರ್ಥದ 'ಆಪ್‌ಹೆಂಗಿಶ್ ಫೊನ್' ಚತುರ್ಥಿಯನ್ನೂ ಬಯಸುತ್ತವೆ. ಇದೇ ಶ್ರಮವನ್ನು ವಿರುದ್ಧ ದಿಕ್ಕಿನಲ್ಲಿ ಪಟ್ಟವರು ಜರ್ಮನಿಯ ಫರ್ಡಿನಾಂಡ್ ಕಿಟೆಲ್. ಅವರು 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು.

ಇಂಗ್ಲಿಷಿನ ಮೂಲಕ ಊಹಿಸುವುದು ಅಪಾಯಕರ. ಆಸಕ್ತಿಯನ್ನು ಹೇಳುವಾಗ ಇಂಗ್ಲಿಷಿನಲ್ಲಿ 'ಇನ್' ಬರುತ್ತದೆ. ಜರ್ಮನ್ನಿನಲ್ಲಿ 'ಇಂಟೆರೆಸ್ಸೀರ್ಟ್ ಆನ್' ಎಂದಾಗುತ್ತದೆ.

ನೆನಪಿಡಬೇಕಾದ ಸೂತ್ರಗಳು

1. ಮಿಟ್, ಫೊನ್, ತ್ಸು: ಇವುಗಳಿಗೆ ಯಾವಾಗಲೂ ಚತುರ್ಥೀ. ಉದಾಹರಣೆಗೆ, 'ಐನ್‌ಫೆರ್‌ಷ್ಟಾಂಡನ್ ಮಿಟ್' (ಒಪ್ಪಿಗೆಯುಳ್ಳ).

2. ಫ್ಯೂರ್, ಗೇಗನ್: ಇವುಗಳಿಗೆ ಯಾವಾಗಲೂ ದ್ವಿತೀಯಾ. 'ಫೆರ್‌ಆಂಟ್‌ವೊರ್ಟ್‌ಲಿಶ್ ಫ್ಯೂರ್' (ಹೊಣೆಯುಳ್ಳ), 'ಆಲೆರ್ಗಿಶ್ ಗೇಗನ್' (ಅಲರ್ಜಿಯುಳ್ಳ).

3. ಆನ್, ಔಫ್, ಊಬರ್ ಮೊದಲಾದ ಒಂಬತ್ತು ಉಪಸರ್ಗಗಳು ಎರಡೂ ವಿಭಕ್ತಿಗಳಲ್ಲಿ ಬರುತ್ತವೆ. ಸ್ಥಳವನ್ನು ಹೇಳುವಾಗ ಇರುವಿಕೆಗೆ ಚತುರ್ಥೀ, ಚಲನೆಯ ಗುರಿಗೆ ದ್ವಿತೀಯಾ ಎಂಬ ನಿಯಮವಿದೆ. ಗುಣವಾಚಕಗಳ ಜೊತೆಯಲ್ಲಿ ಈ ನಿಯಮವು ನೆರವಿಗೆ ಬಾರದು. ಇಲ್ಲಿ 'ಔಫ್', 'ಊಬರ್' ಸಾಮಾನ್ಯವಾಗಿ ದ್ವಿತೀಯೆಯನ್ನು ಪಡೆಯುತ್ತವೆ: 'ಷ್ಟೋಲ್ಟ್ಸ್ ಔಫ್' (ಹೆಮ್ಮೆಯುಳ್ಳ), 'ಫ್ರೋ ಊಬರ್' (ಸಂತೋಷಗೊಂಡ). 'ಆನ್' ಹೆಚ್ಚಾಗಿ ಚತುರ್ಥಿಯನ್ನು ಪಡೆಯುತ್ತದೆ: 'ರೈಶ್ ಆನ್' (ಸಮೃದ್ಧ). ರೂಢಿಯಾದ ಎಂಬರ್ಥದ 'ಗೆವ್ಯೋಂಟ್ ಆನ್' ಮಾತ್ರ ದ್ವಿತೀಯೆಯನ್ನು ಪಡೆಯುವ ಅಪವಾದವೆಂದು ಗಮನಿಸಬೇಕು.

ಅರ್ಥಭೇದ

ಉಪಸರ್ಗವು ಬದಲಾದರೆ ಕೆಲವೊಮ್ಮೆ ಅರ್ಥವೇ ಬದಲಾಗುತ್ತದೆ. 'ಬೆಕಾಂಟ್ ಫ್ಯೂರ್' ಎಂದರೆ ಒಂದು ವಿಷಯಕ್ಕೆ ಪ್ರಸಿದ್ಧ. 'ಬೆಕಾಂಟ್ ಮಿಟ್' ಎಂದರೆ ಒಬ್ಬರೊಡನೆ ಪರಿಚಯವುಳ್ಳ. ಆಸ್ಪತ್ರೆಯಲ್ಲಿ ಇಂಥ ಜೋಡಿಗಳು ನಿತ್ಯವೂ ಕಿವಿಗೆ ಬೀಳುತ್ತವೆ. ರೋಗಿಗೆ ಯಾವ ಔಷಧಿಯಿಂದ ಅಲರ್ಜಿ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಇದೆಯೇ, ಆ ರೋಗಿಯ ಹೊಣೆ ಯಾರದು ಎಂಬುದನ್ನು ಈ ಪದಗಳೇ ತಿಳಿಸುತ್ತವೆ. ಅವುಗಳನ್ನು ತಪ್ಪಿಲ್ಲದೆ ಕೇಳಿ, ಬರೆದು, ಮುಂದಿನ ಪಾಳಿಯವರಿಗೆ ಹೇಳುವುದು ಶುಶ್ರೂಷಕರ ಕರ್ತವ್ಯದ ಭಾಗವಾಗಿರುತ್ತದೆ.

ಕಲಿಯುವ ಕ್ರಮ

ಗುಣವಾಚಕವನ್ನು ಒಂಟಿಯಾಗಿ ಬಾಯಿಪಾಠ ಮಾಡಬಾರದು. ಉಪಸರ್ಗ ಮತ್ತು ನಾಮಪದಗಳೊಡನೆ ಒಂದು ಚಿಕ್ಕ ವಾಕ್ಯವಾಗಿ ಬರೆದುಕೊಳ್ಳಬೇಕು. ಆ ನಾಮಪದವು ಪುಲ್ಲಿಂಗದ್ದಾಗಿದ್ದರೆ ಉತ್ತಮ. ಸ್ತ್ರೀಲಿಂಗದ 'ಡೀ', ನಪುಂಸಕಲಿಂಗದ 'ಡಾಸ್' ಎಂಬ ರೂಪಗಳು ದ್ವಿತೀಯೆಯಲ್ಲಿ ಬದಲಾಗುವುದಿಲ್ಲ. ಆದ್ದರಿಂದ ಅವು ಪ್ರಥಮೆಯೋ ದ್ವಿತೀಯೆಯೋ ಎಂಬುದು ಕಣ್ಣಿಗೆ ಕಾಣದು. ಪುಲ್ಲಿಂಗದಲ್ಲಿ ಡೇರ್, ಡೇನ್, ಡೇಮ್ ಎಂಬ ಮೂರೂ ಸ್ಪಷ್ಟವಾಗಿ ಬೇರೆಯಾಗಿವೆ. ದಿನಕ್ಕೆ ಎರಡು ಜೋಡಿಗಳಂತೆ ಬರೆದರೆ ಒಂದು ತಿಂಗಳಲ್ಲಿ ಅರವತ್ತು ಜೋಡಿಗಳು ಕೈವಶವಾಗುತ್ತವೆ.

ಅಭ್ಯಾಸ

ಬಿಟ್ಟ ಸ್ಥಳವನ್ನು 'ಡೇನ್' ಅಥವಾ 'ಡೇಮ್' ಎಂಬುದರಿಂದ ತುಂಬಿರಿ.

1. ಷ್ಟೋಲ್ಟ್ಸ್ ಔಫ್ ____ ಫಾಟರ್ (ತಂದೆಯ ಬಗ್ಗೆ ಹೆಮ್ಮೆ)
2. ಐನ್‌ಫೆರ್‌ಷ್ಟಾಂಡನ್ ಮಿಟ್ ____ ಪ್ಲಾನ್ (ಯೋಜನೆಗೆ ಒಪ್ಪಿಗೆ)
3. ಗೆವ್ಯೋಂಟ್ ಆನ್ ____ ಲೆರ್ಮ್ (ಗದ್ದಲಕ್ಕೆ ಒಗ್ಗಿದ)

ಉತ್ತರಗಳು: 1. ಡೇನ್, 2. ಡೇಮ್, 3. ಡೇನ್.