ತಿದ್ದಿದ ಎಂಜಿನ್ನಿಗೆ ಎಂಥ ಪ್ಲಗ್ಗು?

ನಮ್ಮ ರಸ್ತೆಗಳಲ್ಲಿ ಓಡುವ ದೊಡ್ಡ ಲಾರಿಗಳು ಬಹುಮಟ್ಟಿಗೆ ಡೀಸೆಲ್ ಲಾರಿಗಳು. ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುವುದರಿಂದ ಅವಕ್ಕೆ ಸ್ಪಾರ್ಕ್ ಪ್ಲಗ್ಗು ಬೇಕಿಲ್ಲ. ಅಮೆರಿಕದ ಸಂಗತಿ ಬೇರೆ. ಅಲ್ಲಿ ರೈತರೂ ಬಡಗಿಗಳೂ ಬಳಸುವ ಪಿಕಪ್ ಟ್ರಕ್ಕುಗಳಲ್ಲಿ ಹೆಚ್ಚಿನವು ಪೆಟ್ರೋಲಿನಿಂದ ನಡೆಯತಕ್ಕವು. ಹಳೆಯ ಟ್ರಕ್ಕಿನ ಎಂಜಿನ್ನನ್ನು ಬಿಚ್ಚಿ, ತಿದ್ದಿ, ಅದರ ಬಲವನ್ನು ಹೆಚ್ಚಿಸುವುದು ಅಲ್ಲಿ ಅನೇಕರಿಗೆ ಹವ್ಯಾಸ. ಹಾಗೆ ತಿದ್ದಿದ ಎಂಜಿನ್ನಿಗೆ ಹಳೆಯ ಬಗೆಯ ಪ್ಲಗ್ಗನ್ನೇ ಹಾಕಿದರೆ ಏನಾದೀತು? ಕೆಲವೊಮ್ಮೆ ಏನೂ ಆಗದು. ಕೆಲವೊಮ್ಮೆ ಪಿಸ್ಟನ್ನಿನ ತಲೆಯೇ ಕರಗಿ ತೂತು ಬೀಳುವುದು.

ಫೋರ್ಡ್ ಕಂಪೆನಿಯ ೩೦೦ ಘನ ಅಂಗುಲದ, ಆರು ಸಿಲಿಂಡರುಗಳ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೬೫ರಿಂದ ೧೯೯೬ರವರೆಗೆ ಆ ಕಂಪೆನಿಯ ಟ್ರಕ್ಕುಗಳಲ್ಲಿ ದುಡಿದು ಹೆಸರಾದ ಎಂಜಿನ್ನು ಇದು. ಗಾತ್ರ ೪.೯ ಲೀಟರು, ಎಂದರೆ ಪ್ರತಿ ಸಿಲಿಂಡರಿಗೆ ಸುಮಾರು ೮೧೭ ಘನ ಸೆಂಟಿಮೀಟರು. ಸಂಪೀಡನ ಅನುಪಾತ ೮.೫ ಇದ್ದದ್ದನ್ನು, ಹೆಡ್ಡಿನ ತಳವನ್ನು ಹೆರೆದು, ೧೦ಕ್ಕೆ ಏರಿಸಿದರೆಂದು ಭಾವಿಸೋಣ. ಪಿಸ್ಟನ್ ಮೇಲಕ್ಕೆ ಬಂದಾಗ ಅನಿಲಕ್ಕೆ ಉಳಿಯುವ ಜಾಗ ೧೦೯ ಘನ ಸೆಂಟಿಮೀಟರಿನಿಂದ ೯೧ಕ್ಕೆ ಇಳಿಯುತ್ತದೆ. ಅನಿಲದ ಸಾಂದ್ರತೆ ಶೇಕಡ ೧೮ರಷ್ಟು ಹೆಚ್ಚುತ್ತದೆ. ಇದರಿಂದ ಪ್ಲಗ್ಗಿನ ಮೇಲೆ ಎರಡು ಪರಿಣಾಮಗಳುಂಟು: ಒಂದು ಶಾಖದ್ದು, ಇನ್ನೊಂದು ವಿದ್ಯುತ್ತಿನದು.

ಮೊದಲು ಶಾಖ. ಪ್ಲಗ್ಗಿನ ನಡುವೆ ಒಂದು ಲೋಹದ ಕಡ್ಡಿ, ಅದರ ಸುತ್ತ ಬಿಳಿಯ ಪಿಂಗಾಣಿಯಂಥ ಅವಾಹಕ, ಹೊರಗೆ ಮರೆಯುಳ್ಳ ಉಕ್ಕಿನ ಕವಚ. ಅವಾಹಕದ ಮೂತಿ ಉರಿಯ ನಡುವೆಯೇ ಇರುತ್ತದೆ. ಆ ಮೂತಿಯ ಉಷ್ಣತೆ ೪೫೦ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿದ್ದರೆ ಅದರ ಮೇಲೆ ಮಸಿ ಕಟ್ಟುತ್ತದೆ. ಮಸಿ ವಿದ್ಯುದ್ವಾಹಕವಾದ್ದರಿಂದ ವಿದ್ಯುತ್ತು ಅದರ ಮೂಲಕ ಸೋರಿಹೋಗಿ ಕಿಡಿ ಹಾರದು. ಅದಕ್ಕಿಂತ ಬಿಸಿಯಾದರೆ ಮಸಿ ತಾನೇ ಸುಟ್ಟುಹೋಗುವುದು. ಆದರೆ ೮೫೦ ಡಿಗ್ರಿಯನ್ನು ಮೀರತೊಡಗಿದರೆ ಮೂತಿಯೇ ಕೆಂಡವಾಗಿ, ಕಿಡಿ ಹಾರುವ ಮುನ್ನವೇ ಅನಿಲಕ್ಕೆ ಬೆಂಕಿ ಹೊತ್ತಿಸಬಹುದು. ಇದೇ ಅಕಾಲ ಜ್ವಲನ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ಉರಿ ಅದನ್ನು ಎದುರಿಸುತ್ತದೆ; ಉರಿಯುವ ಅನಿಲ ಮತ್ತಷ್ಟು ಒತ್ತಲ್ಪಟ್ಟು ಇನ್ನೂ ಕಾಯುತ್ತದೆ. ಅಲ್ಯುಮಿನಿಯಮ್ ೬೬೦ ಡಿಗ್ರಿಯಲ್ಲಿ ಕರಗುವ ಲೋಹವೆಂಬುದನ್ನು ನೆನೆದರೆ ಪಿಸ್ಟನ್ನಿನ ಗತಿ ತಿಳಿಯುವುದು.

‘ಬಿಸಿ ಪ್ಲಗ್ಗು’, ‘ತಣ್ಣನೆಯ ಪ್ಲಗ್ಗು’ ಎಂಬ ಹೆಸರುಗಳಿಂದ ಮೋಸಹೋಗಬಾರದು. ಬಿಸಿ ಪ್ಲಗ್ಗಿನ ಕಿಡಿ ಹೆಚ್ಚು ಬಿಸಿಯೇನಲ್ಲ. ಅದರ ಅವಾಹಕದ ಮೂತಿ ಉದ್ದ. ಶಾಖವು ಕವಚವನ್ನು ಸೇರಿ ಹೆಡ್ಡಿಗೆ ಹರಿಯಲು ದೂರ ಸಾಗಬೇಕು. ತಣ್ಣನೆಯದರ ಮೂತಿ ಗಿಡ್ಡ. ಶಾಖ ಬೇಗ ಹೊರಬೀಳುವುದು. ಒಂದು ಮೆಟ್ಟಿಲು ತಣ್ಣಗಾದರೆ ಮೂತಿಯ ಉಷ್ಣತೆ ಸುಮಾರು ೭೦ರಿಂದ ೧೦೦ ಡಿಗ್ರಿ ಇಳಿಯುತ್ತದೆ. ಬಲವನ್ನು ೭೫ರಿಂದ ೧೦೦ ಅಶ್ವಶಕ್ತಿಯಷ್ಟು ಹೆಚ್ಚಿಸಿದಾಗ ಒಂದು ಮೆಟ್ಟಿಲು ತಣ್ಣನೆಯದನ್ನು ಆರಿಸಬೇಕೆಂಬುದು ರೂಢಿಯ ಲೆಕ್ಕ. ಇಲ್ಲೊಂದು ತೊಡಕುಂಟು: ಎನ್‌ಜಿಕೆ, ಡೆನ್ಸೋ ಪ್ಲಗ್ಗುಗಳಲ್ಲಿ ಅಂಕಿ ಏರಿದಂತೆ ಪ್ಲಗ್ಗು ತಣ್ಣಗಾಗುತ್ತದೆ, ಬಾಷ್, ಚಾಂಪಿಯನ್ ಪ್ಲಗ್ಗುಗಳಲ್ಲಿ ಬಿಸಿಯಾಗುತ್ತದೆ. ಎಲ್ಲರೂ ಕೂಡಿ ಒಂದೇ ಕ್ರಮವನ್ನು ಇಟ್ಟುಕೊಂಡಿದ್ದರೆ ಎಷ್ಟೋ ಪಿಸ್ಟನ್ನುಗಳು ಉಳಿಯುತ್ತಿದ್ದವು!

ಭಾರ ಹೊರುವ ಟ್ರಕ್ಕಿಗೆ ಆಯ್ಕೆ ಇನ್ನೂ ಕಷ್ಟ. ಬೆಳಗ್ಗೆ ಅದು ಪೇಟೆಯ ಸಂದಣಿಯಲ್ಲಿ ನಿಂತು ನಿಂತು ಸಾಗಬೇಕು; ಮಧ್ಯಾಹ್ನ ಹಿಂದೆ ಗಾಡಿಯೊಂದನ್ನು ಎಳೆಯುತ್ತ ಬೆಟ್ಟದ ದಾರಿಯನ್ನು ಏರಬೇಕು. ಸಂದಣಿಗೆ ಬಿಸಿ ಪ್ಲಗ್ಗು ಹಿತ, ಏರಿಗೆ ತಣ್ಣನೆಯದು. ಸಂದೇಹ ಬಂದಲ್ಲಿ ತಣ್ಣನೆಯ ಕಡೆಗೆ ವಾಲುವುದೇ ಲೇಸೆಂದು ನನ್ನ ಅಭಿಪ್ರಾಯ. ಮಸಿ ಹಿಡಿದರೆ ಪ್ಲಗ್ಗು ಕೆಡುತ್ತದೆ. ಅಕಾಲ ಜ್ವಲನವಾದರೆ ಎಂಜಿನ್ನೇ ಕೆಡುತ್ತದೆ.

ಇನ್ನು ವಿದ್ಯುತ್ತಿನ ಮಾತು. ಅನಿಲವನ್ನು ಸೀಳಿ ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ಕಿಡಿಯ ಎಡೆ ಇವುಗಳ ಗುಣಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ಫ್ರೀಡ್ರಿಕ್ ಪಾಶೆನ್ ೧೮೮೯ರಲ್ಲಿ ತೋರಿಸಿದನು. ಉಷ್ಣತೆಯೂ ಬದಲಾಗುವ ಎಂಜಿನ್ನಿನಲ್ಲಿ ಒತ್ತಡದ ಸ್ಥಾನದಲ್ಲಿ ಸಾಂದ್ರತೆಯನ್ನು ಗಣಿಸಬೇಕು. ನಮ್ಮ ಎಂಜಿನ್ನಿನಲ್ಲಿ ಸಾಂದ್ರತೆ ಶೇಕಡ ೧೮ ಹೆಚ್ಚಿತಷ್ಟೆ. ಕಾಯಿಲನ್ನು ಬದಲಿಸದೆ ಕಿಡಿ ಹಾರಬೇಕಾದರೆ ಎಡೆಯನ್ನು ಕಿರಿದುಮಾಡಬೇಕು: ೧.೧ ಮಿಲಿಮೀಟರು ಇದ್ದರೆ ಸುಮಾರು ೦.೯೩ಕ್ಕೆ. ತೀರ ಕಿರಿದುಮಾಡಿದರೆ ಕಿಡಿ ಗಿಡ್ಡವಾಗಿ, ತೆಳುವಾದ ಮಿಶ್ರಣ ಹೊತ್ತದೆ ಹೋದೀತು.

ಇರಿಡಿಯಮ್ ಪ್ಲಗ್ಗುಗಳ ವಿಷಯ ಹೆಚ್ಚೇನಿಲ್ಲ. ೨,೪೦೦ ಡಿಗ್ರಿಗೂ ಮೀರಿ ಕರಗುವ ಲೋಹವಾದ್ದರಿಂದ ಕಡ್ಡಿಯ ತುದಿ ಸಣ್ಣದಿದ್ದರೂ ಬೇಗ ಸವೆಯದು; ಸಣ್ಣ ತುದಿಯಿಂದ ಕಿಡಿ ಹಾರುವುದು ಸುಲಭ. ಆದರೆ ಬೆಲೆ ಹೆಚ್ಚೆಂದು ಅದು ತಣ್ಣನೆಯದಾಗದು. ಮರೆಯ ಉದ್ದ ಮಾತ್ರ ಹೆಡ್ಡಿಗೆ ಸರಿಹೊಂದಲೇಬೇಕು. ಹೆಚ್ಚಾದರೆ ಪಿಸ್ಟನ್ ತಾಗಬಹುದು.

ಆಯ್ಕೆ ಸರಿಯಾಯಿತೇ ಎಂಬುದನ್ನು ಪ್ಲಗ್ಗನ್ನು ಬಿಚ್ಚಿ ನೋಡಿ ತಿಳಿಯಬಹುದು. ಮೂತಿ ತೆಳು ಕಂದು ಇಲ್ಲವೆ ಬೂದುಬಣ್ಣವಾಗಿದ್ದರೆ ಸರಿ. ಒಣಮಸಿ ಇದ್ದರೆ ಪ್ಲಗ್ಗು ತೀರ ತಣ್ಣನೆಯದು, ಇಲ್ಲವೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆಯೆದ್ದಿದ್ದರೆ ತೀರ ಬಿಸಿ. ಲೋಹದ ಸಣ್ಣ ಹರಳುಗಳು ಅಂಟಿದ್ದರೆ ಪಿಸ್ಟನ್ ಕರಗತೊಡಗಿದೆ. ಆ ಟ್ರಕ್ಕನ್ನು ಮುಂದೆ ಓಡಿಸಲಾಗದು. ಈ ಪರೀಕ್ಷೆಯನ್ನು ಭಾರದೊಡನೆ ಏರು ಹತ್ತಿಸಿ, ಒಡನೆಯೇ ಎಂಜಿನ್ನನ್ನು ನಿಲ್ಲಿಸಿ ಮಾಡತಕ್ಕದ್ದು. ಮನೆಯವರೆಗೆ ನಿಧಾನವಾಗಿ ಬಂದು ಬಿಚ್ಚಿದರೆ ಆಮೇಲೆ ಕಟ್ಟಿದ ಮಸಿ ಏರಿನಲ್ಲಿ ಮೂಡಿದ ಗುರುತುಗಳನ್ನು ಮುಚ್ಚಿಬಿಟ್ಟಿರುತ್ತದೆ.