ಒಂದು ಚಿತ್ರ, ಐನೂರು ಮನೆ

ರಿಚರ್ಡ್ಸ್ ಟೌನಿನ ಉದ್ಯಾನವನ್ನು ಸುತ್ತುವರಿದ ಬೀದಿಗಳಲ್ಲಿ ಒಂದು ಸಂಜೆ ಐನೂರು ಮನೆಯವರು ಒಂದೇ ಕ್ರಿಕೆಟ್ ಪಂದ್ಯವನ್ನು ಟೆಲಿವಿಷನ್ನಿನಲ್ಲಿ ನೋಡುತ್ತಿದ್ದಾರೆಂದು ಭಾವಿಸೋಣ. ಪಂದ್ಯ ನಡೆಯುತ್ತಿರುವುದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ. ಅದರ ದೃಶ್ಯವು ಇಂಟರ್‌ನೆಟ್ ಕಂಪನಿಯೊಂದರ ಕೇಂದ್ರದಿಂದ ಕೂದಲೆಳೆಯಷ್ಟು ಸಣ್ಣ ಗಾಜಿನ ತಂತುಗಳಲ್ಲಿ ಹರಿದು ಬರುತ್ತಿದೆ. ಒಂದೇ ಚಿತ್ರವು ಏಕಕಾಲದಲ್ಲಿ ಐನೂರು ಮನೆಗಳನ್ನು ಸೇರುವುದೆಂತು?

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಸ್ಪಷ್ಟವಾದ ಒಂದು ಚಿತ್ರಕ್ಕೆ ಸೆಕೆಂಡಿಗೆ 80 ಲಕ್ಷ ಬಿಟ್, ಅಂದರೆ 8 ಮೆಗಾಬಿಟ್ ಬೇಕೆಂದು ಇಟ್ಟುಕೊಳ್ಳೋಣ. ಪ್ರತಿ ಮನೆಗೂ ಬೇರೆ ಬೇರೆ ಪ್ರತಿಯನ್ನು ಕಳುಹಿಸಿದರೆ ಕೇಂದ್ರದಿಂದ 4,000 ಮೆಗಾಬಿಟ್ ಹೊರಡಬೇಕಾಗುವುದು. ಆದರೆ ಈ ಐನೂರು ಪ್ರತಿಗಳೂ ಒಂದೇ ಅಲ್ಲವೆ? ಬಡಾವಣೆಯವರೆಗೆ ಒಂದನ್ನೇ ತಂದು, ದಾರಿ ಕವಲೊಡೆಯುವಲ್ಲಿ ಮಾತ್ರ ನಕಲು ಮಾಡಿದರೆ, ಹಿಂದಿನ ದಾರಿಯಲ್ಲೆಲ್ಲ 8 ಮೆಗಾಬಿಟ್ಟೇ ಸಾಕು. ಈ ವಿಧಾನಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು, ಬಹುಪ್ರಸಾರವೆನ್ನಲೂಬಹುದು. ಇದನ್ನು ಇಂಟರ್‌ನೆಟ್ಟಿಗೆ ಅಳವಡಿಸುವ ನಿಯಮಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವ್ ಡೀರಿಂಗ್ 1989ರಲ್ಲಿ ಪ್ರಕಟಿಸಿದರು.

ನಕಲು ಮಾಡುವ ಯಂತ್ರವೇ ರೌಟರ್. ಅದು ಜಾಲದ ಕೂಡುದಾರಿಯಲ್ಲಿ ಕುಳಿತು, ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಬರುವ ಮಾಹಿತಿಗೆ ದಾರಿ ತೋರಿಸುತ್ತದೆ. ಪಂದ್ಯವನ್ನು ನೋಡಬಯಸುವ ಮನೆಯ ಪೆಟ್ಟಿಗೆಯು ಸಮೀಪದ ರೌಟರಿಗೆ, ‘ನಮ್ಮನ್ನೂ ಈ ಗುಂಪಿಗೆ ಸೇರಿಸು’ ಎಂದು ತಿಳಿಸುತ್ತದೆ. ಆ ರೌಟರಿಗೆ ಚಿತ್ರವು ಆಗಲೇ ಬರುತ್ತಿದ್ದರೆ ಹೊಸ ಕವಲೊಂದನ್ನು ತೆರೆದರಾಯಿತು. ಇಲ್ಲವಾದರೆ ಅದು ತನ್ನ ಮೇಲಿನ ರೌಟರನ್ನು ಕೇಳುತ್ತದೆ. ಹೀಗೆ ಎಲೆಗಳಿಂದ ಬುಡದ ಕಡೆಗೆ ಒಂದು ಮರ ಬೆಳೆಯುತ್ತದೆ. ರೌಟರು ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ ‘ಇನ್ನೂ ನೋಡುವವರು ಇದ್ದೀರಾ?’ ಎಂದು ವಿಚಾರಿಸುವುದು. ಯಾರೂ ಉತ್ತರಿಸದಿದ್ದಲ್ಲಿ ಆ ಕವಲನ್ನು ಕತ್ತರಿಸಿಬಿಡುವುದು.

ಇಲ್ಲಿ ಒಂದು ಅಪಾಯವುಂಟು. ದಾರಿಗಳು ಸುತ್ತಿ ಬಳಸಿ ಕೂಡುವುದರಿಂದ, ಹೊರಟ ಪ್ಯಾಕೆಟ್ ಮತ್ತೊಂದು ದಿಕ್ಕಿನಿಂದ ಹಿಂತಿರುಗಬಹುದು. ಅದನ್ನು ಪುನಃ ನಕಲು ಮಾಡಿದರೆ ಪ್ರತಿಗಳು ಬೆಳೆಯುತ್ತ ಹೋಗಿ ಜಾಲವೇ ಉಸಿರುಕಟ್ಟೀತು. ಯೋಗೇನ್ ದಲಾಲ್ ಮತ್ತು ರಾಬರ್ಟ್ ಮೆಟ್‌ಕಾಫ್ ಎಂಬವರು 1978ರಲ್ಲಿ ಇದಕ್ಕೊಂದು ಸರಳವಾದ ಪರೀಕ್ಷೆಯನ್ನು ವಿವರಿಸಿದರು. ‘ಈ ಪ್ಯಾಕೆಟ್ಟಿನ ಮೂಲಸ್ಥಾನಕ್ಕೆ ನಾನು ಏನಾದರೂ ಕಳುಹಿಸಬೇಕಾದರೆ ಯಾವ ಬಾಗಿಲಿನಿಂದ ಕಳುಹಿಸುತ್ತಿದ್ದೆ?’ ಎಂದು ರೌಟರು ನೋಡಿಕೊಳ್ಳಬೇಕು. ಪ್ಯಾಕೆಟ್ ಅದೇ ಬಾಗಿಲಿನಿಂದ ಬಂದಿದ್ದರೆ ಸ್ವೀಕರಿಸಬೇಕು. ಬೇರೆ ಬಾಗಿಲಿನಿಂದ ಬಂದಿದ್ದರೆ ಬಿಸುಡಬೇಕು.

ದಾರಿಯ ವಿಚಾರ ಹೀಗಾಯಿತು. ಇನ್ನು ಸರತಿಯ ವಿಚಾರ. ಬರುವ ಪ್ಯಾಕೆಟ್ಟುಗಳು ಹೋಗುವುದಕ್ಕಿಂತ ಹೆಚ್ಚಾದಾಗ ಅವು ರೌಟರಿನ ಸ್ಮೃತಿಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಸಾಲು ತುಂಬಿದ ಮೇಲೆ ಬಂದವು ನಷ್ಟವಾಗುತ್ತವೆ. ಹಾಗಾದರೆ ಸಾಲನ್ನೇ ಉದ್ದ ಮಾಡಿದರಾಗದೆ? ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ದಾರಿಯ ಮುಂದೆ 100 ಮೆಗಾಬಿಟ್ಟಿನ ಸಾಲು ನಿಂತಿತೆನ್ನಿ. ಕೊನೆಯ ಪ್ಯಾಕೆಟ್ ಪೂರ್ತಿ ಒಂದು ಸೆಕೆಂಡು ಕಾಯಬೇಕಾಗುವುದು. ಮಾತುಕತೆಗೆ ಅಷ್ಟು ತಡವೇ ಅಸಹನೀಯ.

ಸಾಲು ಬೆಳೆಯುವ ಮುನ್ನವೇ ಕಳುಹಿಸುವವನನ್ನು ಎಚ್ಚರಿಸುವುದು ಇದಕ್ಕಿಂತ ಜಾಣತನ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ರಾಜ್ ಜೈನ್ ಮತ್ತು ಕೆ. ಕೆ. ರಾಮಕೃಷ್ಣನ್ ಇಬ್ಬರೂ ಅಮೆರಿಕದಲ್ಲಿ ಕೆಲಸಮಾಡುತ್ತಿದ್ದಾಗ, 1988ರಲ್ಲಿ ಇಂತಹ ಉಪಾಯವೊಂದನ್ನು ಮುಂದಿಟ್ಟರು. ಸಾಲು ಬೆಳೆಯತೊಡಗಿದೊಡನೆ ರೌಟರು ಪ್ಯಾಕೆಟ್ಟಿನ ಮೇಲೆ ಒಂದೇ ಒಂದು ಬಿಟ್ಟಿನ ಗುರುತು ಹಾಕುವುದು. ಪಡೆದವನು ಅದನ್ನು ಕಳುಹಿಸಿದವನಿಗೆ ತಿಳಿಸುವನು. ಅವನು ವೇಗವನ್ನು ತಗ್ಗಿಸುವನು. ಈ ಬಗೆಯ ಗುರುತು 2001ರಲ್ಲಿ ಇಂಟರ್‌ನೆಟ್ಟಿನ ನಿಯಮಗಳಲ್ಲಿ ಸೇರಿತು.

ಆದರೆ ನಮ್ಮ ಐನೂರು ಮನೆಗಳ ಚಿತ್ರಕ್ಕೆ ಈ ಉಪಾಯ ನೇರವಾಗಿ ಒಗ್ಗದು. ಒಂದು ಬೀದಿಯ ದಾರಿ ಇಕ್ಕಟ್ಟಾಯಿತೆಂದು ಕೇಂದ್ರವು ವೇಗವನ್ನು ತಗ್ಗಿಸಿದರೆ ಎಲ್ಲ ಬೀದಿಗಳ ಚಿತ್ರವೂ ಕೆಡುವುದು. ಆದ್ದರಿಂದ ಬಹುಪ್ರಸಾರದ ಪ್ರವಾಹವು ಸಾಮಾನ್ಯವಾಗಿ ಯಾರಿಗೂ ದಾರಿ ಬಿಡದೆ ಒಂದೇ ವೇಗದಲ್ಲಿ ಹರಿಯುತ್ತದೆ. ಅದೇ ಬೀದಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಪಾಠದ ಪುಸ್ತಕವನ್ನು ಇಳಿಸಿಕೊಳ್ಳುತ್ತಿದ್ದಾಳೆನ್ನಿ. ಅವಳ ಪ್ಯಾಕೆಟ್ಟುಗಳು ಇಕ್ಕಟ್ಟನ್ನು ಕಂಡು ಹಿಂಜರಿಯುತ್ತವೆ, ಪಂದ್ಯದವು ಹಿಂಜರಿಯುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ವಿನಯವಂತರಿಗೇ ನಷ್ಟ!

ಪರಿಹಾರವೇನು? ಎರಡಕ್ಕೂ ಪ್ರತ್ಯೇಕ ಸಾಲುಗಳಿರಬೇಕು. ಪ್ರತಿಯೊಂದಕ್ಕೂ ಗೊತ್ತಾದ ಪಾಲಿರಬೇಕು. ಬೀದಿಯ ದಾರಿಯಲ್ಲಿ 100 ಮೆಗಾಬಿಟ್ ಸಾಗುವುದಾದರೆ, 8 ಮೆಗಾಬಿಟ್ಟಿನ ಹತ್ತು ಚಿತ್ರಗಳಿಗೆ 80 ಹೋಗಿ, ಉಳಿದ ಕೆಲಸಗಳಿಗೆ 20 ದೊರೆಯುವುದು. ನೋಡುವ ಮನೆಗಳು ಎಷ್ಟೇ ಹೆಚ್ಚಲಿ, ಈ ಲೆಕ್ಕ ಬದಲಾಗುವುದಿಲ್ಲ. ಬೇರೆ ಬೇರೆ ಚಿತ್ರಗಳ ಸಂಖ್ಯೆ ಹೆಚ್ಚಿದಾಗ ಮಾತ್ರ ಬದಲಾಗುವುದು. ಹದಿಮೂರನೆಯ ಚಿತ್ರವನ್ನು ತೆರೆದರೆ 104 ಮೆಗಾಬಿಟ್ಟಾಗಿ, ಎಲ್ಲವೂ ಕೆಡುವುವು. ಆದಕಾರಣ ಬಹುಪ್ರಸಾರಕ್ಕೆ ಒಂದು ಮಿತಿಯನ್ನು ಮೊದಲೇ ಗೊತ್ತುಮಾಡಿ, ಅದನ್ನು ಮೀರುವ ಹೊಸ ಕೋರಿಕೆಯನ್ನು ನಿರಾಕರಿಸುವುದೇ ಮೇಲು.

ಇದೆಲ್ಲವೂ ಒಂದೇ ಕಂಪನಿಯ ಜಾಲದೊಳಗಿನ ಮಾತು. ಮೊಬೈಲಿನಲ್ಲಿ ನಾವು ನೋಡುವ ಪಂದ್ಯ ಬಹುಮಟ್ಟಿಗೆ ಇಂದಿಗೂ ಒಬ್ಬೊಬ್ಬರಿಗೂ ಬೇರೆಯಾಗಿಯೇ ಬರುತ್ತದೆ; ಅದರ ಪ್ರತಿಯನ್ನು ಸಮೀಪದ ಉಗ್ರಾಣದಲ್ಲಿ ಇರಿಸಿ ದಾರಿಯ ಹೊರೆಯನ್ನು ಇಳಿಸುತ್ತಾರೆ. ಅನೇಕ ಕಂಪನಿಗಳ ಜಾಲಗಳನ್ನು ದಾಟಿ ಒಂದೇ ಮರವನ್ನು ಬೆಳೆಸುವುದು ಸುಲಭವಲ್ಲ.

ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ತಾವೇ ಮಾಡಿ ನೋಡಲಿ. ಪಾಠಗಳಿಗಾಗಿ 40 ಮೆಗಾಬಿಟ್ ಉಳಿಯಬೇಕಾದರೆ ಆ ಬೀದಿಗೆ ಎಷ್ಟು ಚಿತ್ರಗಳನ್ನು ಬಿಡಬಹುದು? ಉತ್ತರ ಏಳು. ಎಂಟನೆಯದನ್ನು ಕೇಳುವ ಮನೆಗೆ ‘ಇಲ್ಲ’ ಎನ್ನುವಾಗ ರೌಟರು ಕಠಿಣವಾಗಿ ತೋರಬಹುದು. ಆದರೆ ಪಕ್ಕದ ಮನೆಯ ಪಾಠ ಉಳಿಯುವುದು ಆ ಒಂದು ಮಾತಿನಿಂದಲೇ.